ನಮ್ಮ ಡಿಎನ್‌ಎಯ ಪ್ರಕ್ಷಿಪ್ತ ಭಾಗಗಳು: ನಿಯಾಂಡರ್ತಲ್ ಮತ್ತು ಡೆನಿಸೋವನ್ ಅಂಶ ಎಲ್ಲಿಂದ ಬಂತು, ಹೇಗೆ ತಿಳಿಯಿತು

2020ರ ಸೆಪ್ಟೆಂಬರ್ ಕೊನೆಯಲ್ಲಿ, ಭಾರತದಲ್ಲಿ ಕೋವಿಡ್‌ನ ಮೊದಲ ಅಲೆ ತುದಿ ಮುಟ್ಟಿ ಇಳಿಯತೊಡಗಿದ್ದ ದಿನಗಳಲ್ಲಿ, ‘ನೇಚರ್’ ವಿಜ್ಞಾನ ಪತ್ರಿಕೆಯಲ್ಲಿ ಹ್ಯೂಗೊ ಜೆಬರ್ಗ್ ಮತ್ತು ಸ್ವಾಂಟೆ ಪಾಬೊ ಅವರ ಪುಟ್ಟ ಪ್ರಬಂಧವೊಂದು ಪ್ರಕಟವಾಯಿತು. ಸೋಂಕು ತಗುಲಿದವರಲ್ಲಿ ಕೆಲವರಿಗೆ ರೋಗ ಉಲ್ಬಣಿಸುವುದಕ್ಕೂ ಮೂರನೆಯ ವರ್ಣತಂತುವಿನ ಒಂದು ತುಣುಕಿಗೂ ನಂಟಿದೆ ಎಂಬುದು ಅಷ್ಟರಲ್ಲಾಗಲೇ ತಿಳಿದಿತ್ತು. ಆ ತುಣುಕು ನಿಯಾಂಡರ್ತಲರೆಂಬ ಪ್ರಾಚೀನ ಮಾನವಕುಲದಿಂದ ಬಂದದ್ದು ಎಂಬುದು ಈ ಪ್ರಬಂಧದ ಹೊಸ ಮಾತು. ದಕ್ಷಿಣ ಏಷ್ಯಾದಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ, ಯುರೋಪಿನಲ್ಲಿ ಸುಮಾರು ಶೇ 16ರಷ್ಟು ಜನರಲ್ಲಿ ಅದರ ಕನಿಷ್ಠ ಒಂದು ಪ್ರತಿಯಾದರೂ ಇದೆ. ಪೂರ್ವ ಏಷ್ಯಾ ಮತ್ತು ಆಫ್ರಿಕಾದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ.

ಸುದ್ದಿ ಹರಡಿತು, ಅದರ ಹಿಂದೆಯೇ ಪ್ರಶ್ನೆಗಳೂ ಹರಡಿದವು. ಸುಮಾರು 40,000 ವರ್ಷಗಳ ಹಿಂದೆ ಅಳಿದುಹೋದ, ಭಾರತದ ನೆಲದಲ್ಲಿ ಒಂದು ಮೂಳೆಯನ್ನೂ ಬಿಟ್ಟುಹೋಗದ ಜೀವಿಯ ಅಂಶ ನಮ್ಮ ಮೈಯೊಳಗೆ ಹೇಗೆ ಸೇರಿತು? ಅದು ಅವರದೇ ಎಂದು ಇಷ್ಟು ಖಚಿತವಾಗಿ ಹೇಳುವುದಾದರೂ ಹೇಗೆ? ‘ಶೇಕಡ ಎರಡರಷ್ಟು ನಿಯಾಂಡರ್ತಲ್’ ಎಂಬ ಮಾತಿಗೆ ಅರ್ಥವೇನು? ಇವಕ್ಕೆ ಉತ್ತರ ಕಾಣಲು ಕನ್ನಡದ ಓದುಗರಿಗೆ ತಕ್ಕಮಟ್ಟಿಗೆ ಪರಿಚಿತವಾದ ಇನ್ನೊಂದು ವಿದ್ಯೆಯ ಕಡೆಯಿಂದ, ಅಂದರೆ ಗ್ರಂಥಸಂಪಾದನೆಯ ಕಡೆಯಿಂದ ಬರುವುದು ಸುಲಭ.

ಓಲೆಗರಿಯ ಪ್ರತಿಗಳು ಮತ್ತು ಡಿಎನ್‌ಎ

ಹಳಗನ್ನಡದ ಕಾವ್ಯವೊಂದು ನಮ್ಮ ಕೈಗೆ ಬರುವುದು ಕವಿಯ ಕೈಬರಹದಲ್ಲಲ್ಲ. ಒಬ್ಬ ಲಿಪಿಕಾರ ಇನ್ನೊಬ್ಬನ ಪ್ರತಿಯನ್ನು ನೋಡಿ ಬರೆದ, ಅದನ್ನು ನೋಡಿ ಮತ್ತೊಬ್ಬ ಬರೆದ ಓಲೆಗರಿಯ ಕಟ್ಟುಗಳಲ್ಲಿ. ಪ್ರತಿ ಮಾಡುವಾಗ ಅಲ್ಲೊಂದು ಅಕ್ಷರ ತಪ್ಪುತ್ತದೆ, ಇಲ್ಲೊಂದು ಸಾಲು ಬಿಟ್ಟುಹೋಗುತ್ತದೆ. ಒಮ್ಮೆ ನುಸುಳಿದ ತಪ್ಪು ಆ ಪ್ರತಿಯಿಂದ ಹುಟ್ಟಿದ ಎಲ್ಲ ಪ್ರತಿಗಳಲ್ಲೂ ಮುಂದುವರಿಯುತ್ತದೆ. ಹೀಗಾಗಿ ಸಂಪಾದಕನಿಗೆ ತಪ್ಪು ಬರೀ ತಪ್ಪಲ್ಲ, ಒಂದು ಗುರುತು. ಎರಡು ಊರುಗಳ ಪ್ರತಿಗಳಲ್ಲಿ ಒಂದೇ ಬಗೆಯ ವಿಚಿತ್ರ ತಪ್ಪು ಕಂಡರೆ ಅವೆರಡೂ ಒಂದೇ ಮಾತೃಕೆಯಿಂದ ಇಳಿದು ಬಂದವು ಎಂದು ಅವನು ತೀರ್ಮಾನಿಸುತ್ತಾನೆ. ಒಂದು ಶಾಖೆಯ ಪ್ರತಿಯ ನಡುವೆ ಇನ್ನೊಂದು ಶಾಖೆಯ ಪಾಠಾಂತರಗಳಿಂದ ತುಂಬಿದ ಹತ್ತಾರು ಪದ್ಯಗಳು ಒಟ್ಟಿಗೆ ಸಿಕ್ಕರೆ ಅವು ಆ ಕಡೆಯಿಂದ ಬಂದು ಸೇರಿದ ಪ್ರಕ್ಷಿಪ್ತ ಎನ್ನುತ್ತಾನೆ.

ಡಿಎನ್‌ಎ ಕೂಡ ಹೀಗೆಯೇ ಪ್ರತಿಯಾಗುತ್ತ ಬಂದ ಬರಹ. ಅದರಲ್ಲಿರುವುದು ನಾಲ್ಕೇ ರಾಸಾಯನಿಕ ಅಕ್ಷರಗಳು. ಆದರೆ ಒಬ್ಬ ಮನುಷ್ಯನ ಪೂರ್ಣ ಪಾಠದಲ್ಲಿ, ಅಂದರೆ ಜೀನೋಮ್‌ನಲ್ಲಿ, ಅವು ಸುಮಾರು 300 ಕೋಟಿ ಸಲ ಬರುತ್ತವೆ. ಈ ಪಾಠ 23 ಸಂಪುಟಗಳಲ್ಲಿ ಹಂಚಿಹೋಗಿದೆ ಎಂದುಕೊಳ್ಳಬಹುದು. ಆ ಸಂಪುಟಗಳೇ ವರ್ಣತಂತುಗಳು. ತಾಯಿಯಿಂದ ಒಂದು ಸೆಟ್, ತಂದೆಯಿಂದ ಒಂದು ಸೆಟ್, ಒಟ್ಟು 23 ಜೊತೆ. ಪ್ರತಿ ಮಗುವಿನಲ್ಲೂ ತಂದೆ-ತಾಯಿ ಇಬ್ಬರಲ್ಲೂ ಇಲ್ಲದ ಕೆಲವು ಹೊಸ ಅಕ್ಷರ ಬದಲಾವಣೆಗಳು, ಸುಮಾರು 60ರಿಂದ 70, ಸೇರಿಕೊಳ್ಳುತ್ತವೆ. ಇವೇ ಲಿಪಿಕಾರನ ಕೈತಪ್ಪುಗಳು. ಬಹುಪಾಲು ನಿರುಪದ್ರವಿ.

ಓಲೆಗರಿಗೂ ಡಿಎನ್‌ಎಗೂ ಒಂದು ಮುಖ್ಯ ವ್ಯತ್ಯಾಸವಿದೆ, ಮುಂದಿನದೆಲ್ಲ ಅದರ ಮೇಲೆಯೇ ನಿಂತಿರುವುದರಿಂದ ಅದನ್ನು ಇಲ್ಲಿಯೇ ಹೇಳಿಬಿಡಬೇಕು. ತಾಯಿ ತನ್ನ ತಾಯಿಯಿಂದ ಪಡೆದ ವರ್ಣತಂತುವನ್ನಾಗಲಿ ತಂದೆಯಿಂದ ಪಡೆದದ್ದನ್ನಾಗಲಿ ಇದ್ದದ್ದು ಇದ್ದಂತೆಯೇ ಮಗುವಿಗೆ ದಾಟಿಸುವುದಿಲ್ಲ. ಎರಡನ್ನೂ ಅಲ್ಲಲ್ಲಿ ತುಂಡರಿಸಿ, ಜೋಡಿಸಿ, ಒಂದು ಹೊಸ ವರ್ಣತಂತುವಾಗಿ ಕೊಡುತ್ತಾಳೆ. ತಂದೆಯ ಕಡೆಯಲ್ಲೂ ಇದೇ ನಡೆಯುತ್ತದೆ. ಆದ್ದರಿಂದ ಯಾವುದೇ ಪೂರ್ವಜನಿಂದ ಬಂದ ಉದ್ದನೆಯ ತುಣುಕು ತಲೆಮಾರು ಕಳೆದಂತೆ ಚಿಕ್ಕದಾಗುತ್ತ ಹೋಗುತ್ತದೆ. ತುಣುಕು ಉದ್ದವಿದ್ದರೆ ಇತ್ತೀಚೆಗೆ ಬಂದದ್ದು, ತುಂಡುತುಂಡಾಗಿದ್ದರೆ ಬಹಳ ಹಿಂದಿನದು. ಈ ಉದ್ದವೇ ಒಂದು ಗಡಿಯಾರ.

ಅವರು ಯಾರು?

1856ರಲ್ಲಿ ಜರ್ಮನಿಯ ಡುಸೆಲ್‌ಡಾರ್ಫ್ ನಗರದ ಹತ್ತಿರದ ನಿಯಾಂಡರ್ ಕಣಿವೆಯಲ್ಲಿ ಸುಣ್ಣಕಲ್ಲು ತೆಗೆಯುತ್ತಿದ್ದ ಕೂಲಿಯವರಿಗೆ ಗುಹೆಯೊಂದರ ಮಣ್ಣಿನಲ್ಲಿ ಕೆಲವು ಮೂಳೆಗಳು ಸಿಕ್ಕವು. ತಲೆಬುರುಡೆಯ ಮೇಲ್ಭಾಗ ಚಪ್ಪಟೆಯಾಗಿ ಹಿಂದಕ್ಕೆ ಚಾಚಿತ್ತು, ಹುಬ್ಬಿನ ಮೂಳೆ ದಪ್ಪವಾಗಿ ಮುಂದಕ್ಕೆ ಬಂದಿತ್ತು. ಕಣಿವೆಯ ಹೆಸರೇ ಆ ಮಾನವಕುಲಕ್ಕೆ ಅಂಟಿಕೊಂಡಿತು. ಆಮೇಲೆ ಇಂಥ ಅವಶೇಷಗಳು ಯುರೋಪಿನುದ್ದಕ್ಕೂ, ಪಶ್ಚಿಮ ಏಷ್ಯಾದಲ್ಲಿ, ಪೂರ್ವಕ್ಕೆ ಸೈಬೀರಿಯಾದ ಅಲ್ತಾಯ್ ಬೆಟ್ಟಗಳವರೆಗೆ ದೊರೆತವು.

ನಿಯಾಂಡರ್ತಲರು ನಮ್ಮ ಅಜ್ಜಂದಿರಲ್ಲ, ದಾಯಾದಿಗಳು. ಅವರ ಕವಲೂ ನಮ್ಮ ಕವಲೂ ಐದೂವರೆ ಲಕ್ಷ ವರ್ಷಗಳ ಆಸುಪಾಸಿನಲ್ಲಿ ಬೇರೆಯಾದವು. ಅವರ ಪೂರ್ವಜರು ಯುರೋಪ್ ಮತ್ತು ಏಷ್ಯಾದಲ್ಲಿ ಬೆಳೆದರು. ನಮ್ಮ ಪೂರ್ವಜರು, ಅಂದರೆ ಹೋಮೋ ಸೇಪಿಯನ್ಸ್, ಆಫ್ರಿಕಾದಲ್ಲಿ. ಮೊರಾಕೊ ದೇಶದ ಜೆಬೆಲ್ ಇರ್ಹೂದ್‌ನಲ್ಲಿ ಸಿಕ್ಕ ನಮ್ಮ ಕವಲಿನ ಆದಿ ಅವಶೇಷಗಳಿಗೆ ಸುಮಾರು 3 ಲಕ್ಷ ವರ್ಷ ವಯಸ್ಸು.

1987ರಲ್ಲಿ ರೆಬೆಕಾ ಕ್ಯಾನ್, ಮಾರ್ಕ್ ಸ್ಟೋನ್‌ಕಿಂಗ್ ಮತ್ತು ಆಲನ್ ವಿಲ್ಸನ್ ಅವರು ಜಗತ್ತಿನ ಬೇರೆಬೇರೆ ಭಾಗಗಳ 147 ಜನರ ಮೈಟೊಕಾಂಡ್ರಿಯದ (ಜೀವಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಭಾಗದ) ಡಿಎನ್‌ಎ ಹೋಲಿಸಿ, ಎಲ್ಲರ ತಾಯಿ ಸಾಲೂ ಸುಮಾರು 2 ಲಕ್ಷ ವರ್ಷಗಳ ಹಿಂದೆ ಆಫ್ರಿಕಾದಲ್ಲಿ ಕೂಡುತ್ತದೆ ಎಂದರು. ಹತ್ತು ವರ್ಷಗಳ ನಂತರ, 1997ರಲ್ಲಿ, ಪಾಬೊ ಅವರ ತಂಡ ಆ ಮೊದಲ ನಿಯಾಂಡರ್ ಕಣಿವೆಯ ಮೂಳೆಯಿಂದಲೇ ಮೈಟೊಕಾಂಡ್ರಿಯದ ಡಿಎನ್‌ಎ ತುಣುಕನ್ನು ಓದಿತು. ಅದು ಇಂದು ಬದುಕಿರುವ ಯಾರದರಂತೆಯೂ ಇರಲಿಲ್ಲ. ಎರಡು ಕುಲಗಳು ಎಂದೂ ಬೆರೆಯಲಿಲ್ಲ ಎಂದು ಬಹುಮಂದಿ ನಂಬಲು ಇದು ಸಾಕಾಯಿತು.

ನಂಬಿಕೆ ಅವಸರದ್ದಾಗಿತ್ತು. ಮೈಟೊಕಾಂಡ್ರಿಯದ ಡಿಎನ್‌ಎ ತಾಯಿಯಿಂದ ಮಾತ್ರ ಬರುತ್ತದೆ. ಹತ್ತು ತಲೆಮಾರು ಹಿಂದಕ್ಕೆ ಹೋದರೆ ನಿಮ್ಮ ವಂಶವೃಕ್ಷದಲ್ಲಿ 1,024 ಸ್ಥಾನಗಳಿರುತ್ತವೆ. ಮೈಟೊಕಾಂಡ್ರಿಯ ಮಾತಾಡುವುದು ಅವರಲ್ಲಿ ಒಬ್ಬಳೇ ಒಬ್ಬಳ ಬಗ್ಗೆ, ತಾಯಿಯ ತಾಯಿಯ ತಾಯಿಯ ಸಾಲಿನ ಕೊನೆಯವಳ ಬಗ್ಗೆ. ಉಳಿದ 1,023 ಮಂದಿಯ ಕಥೆ ಕೇಳಬೇಕಾದರೆ ಪೂರ್ತಿ ಜೀನೋಮ್ ಓದಲೇಬೇಕು.

ಬೆರಕೆ ಗೊತ್ತಾದದ್ದು ಹೇಗೆ

ಹಾಗೆ ಓದುವುದು ಬಹುಕಾಲ ಆಗದ ಕೆಲಸವಾಗಿತ್ತು. ಹಳೆಯ ಮೂಳೆಯನ್ನು ಕೊರೆದು ತೆಗೆದ ಪುಡಿಯಲ್ಲಿರುವ ಡಿಎನ್‌ಎಯಲ್ಲಿ ಹೆಚ್ಚಿನದು ಮಣ್ಣಿನ ಬ್ಯಾಕ್ಟೀರಿಯ ಮತ್ತು ಶಿಲೀಂಧ್ರಗಳದು. ಅದರ ಮೇಲೆ, ಮೂಳೆಯನ್ನು ಅಗೆದವರ, ತೊಳೆದವರ, ಅಳೆದವರ ಡಿಎನ್‌ಎ ಬೇರೆ. ನಿಯಾಂಡರ್ತಲ್ ಮೂಳೆಯಲ್ಲಿ ಮನುಷ್ಯನ ಡಿಎನ್‌ಎ ಸಿಕ್ಕಿತು ಎಂದರೆ ಅದು ಬೆರಕೆಯ ಸಾಕ್ಷ್ಯವೂ ಆಗಿರಬಹುದು, ಪ್ರಯೋಗಾಲಯದವನ ಬೆವರೂ ಆಗಿರಬಹುದು.

ಇವೆರಡನ್ನು ಬೇರ್ಪಡಿಸಲು ಹಳತಾಗುವಿಕೆಯೇ ನೆರವಿಗೆ ಬಂತು. ಗೆದ್ದಲು ತಿಂದ ಓಲೆಗರಿಯ ಅಂಚು ಹೇಗೆ ಅದರ ವಯಸ್ಸನ್ನು ಹೇಳುತ್ತದೆಯೋ ಹಾಗೆ ಹಳೆಯ ಡಿಎನ್‌ಎ ಚೂರುಗಳ ತುದಿಯಲ್ಲಿ ಒಂದು ನಿಶ್ಚಿತ ಬಗೆಯ ಹಾನಿ ಕಾಣುತ್ತದೆ: ಸಿ ಎಂಬ ಅಕ್ಷರ ರಾಸಾಯನಿಕವಾಗಿ ಸವೆದು, ಯಂತ್ರಕ್ಕೆ ಟಿ ಎಂದು ಕಾಣಿಸುತ್ತದೆ. ಈ ಗುರುತಿರುವ ಚೂರುಗಳು ನಿಜಕ್ಕೂ ಹಳೆಯವು. ನಿನ್ನೆ ಮೊನ್ನೆ ಅಂಟಿದ ಡಿಎನ್‌ಎಗೆ ಈ ಹಾನಿ ಆಗಿರುವುದಿಲ್ಲ. ಲೈಪ್ಜಿಗ್‌ನ ಮ್ಯಾಕ್ಸ್ ಪ್ಲಾಂಕ್ ವಿಕಾಸಾತ್ಮಕ ಮಾನವಶಾಸ್ತ್ರ ಸಂಸ್ಥೆಯಲ್ಲಿ ಪಾಬೊ ತಂಡ ಕ್ರೊಯೇಷಿಯಾದ ವಿಂಡಿಯಾ ಗುಹೆಯ ಮೂರು ಮೂಳೆಗಳಿಂದ ಇಂಥ ಚೂರುಗಳನ್ನು ಕೂಡಿಸಿ, 2010ರ ಮೇ ತಿಂಗಳಲ್ಲಿ ನಿಯಾಂಡರ್ತಲ್ ಜೀನೋಮ್‌ನ ಮೊದಲ ಕರಡನ್ನು ಪ್ರಕಟಿಸಿತು. ಇದೇ ದಿಕ್ಕಿನ ಒಟ್ಟು ಕೆಲಸಕ್ಕಾಗಿ ಪಾಬೊ ಅವರಿಗೆ 2022ರ ವೈದ್ಯಕೀಯ ನೊಬೆಲ್ ಬಂತು.

ಕರಡು ಕೈಗೆ ಬಂದ ಮೇಲೆ ನಡೆದದ್ದು ಪಾಠಾಂತರಗಳ ಹೋಲಿಕೆ. ಇಂದಿನ ಇಬ್ಬರನ್ನು, ಪಶ್ಚಿಮ ಆಫ್ರಿಕಾದ ಯೊರುಬಾ ಜನರ ಒಬ್ಬರು ಮತ್ತು ಒಬ್ಬ ಫ್ರೆಂಚ್ ವ್ಯಕ್ತಿಯನ್ನು, ತೆಗೆದುಕೊಳ್ಳಿ. ಇವರಿಬ್ಬರ ಅಕ್ಷರ ಬೇರೆಬೇರೆ ಇರುವ ಜಾಗಗಳನ್ನು ಮಾತ್ರ ಆರಿಸಿ. ಅಲ್ಲಿ ಮೂಲ ಅಕ್ಷರ ಯಾವುದಿತ್ತು ಎಂದು ತಿಳಿಯಲು ಚಿಂಪಾಂಜಿಯ ಪಾಠ ನೋಡಿ. ಈಗ ನಿಯಾಂಡರ್ತಲ್ ಪಾಠದಲ್ಲಿ ಹೊಸ ಅಕ್ಷರವಿರುವ ಜಾಗಗಳಲ್ಲಿ ಅದು ಯಾರ ಜೊತೆ ಹೊಂದುತ್ತದೆ ಎಂದು ಎಣಿಸಿ. ನಿಯಾಂಡರ್ತಲರು ಯಾರೊಂದಿಗೂ ಬೆರೆಯದೆ ಅಳಿದಿದ್ದರೆ ಅವರಿಗೆ ಯೊರುಬಾ ವ್ಯಕ್ತಿಯೂ ಫ್ರೆಂಚ್ ವ್ಯಕ್ತಿಯೂ ಅಷ್ಟೇ ದೂರದ ನೆಂಟರು. ನಾಣ್ಯ ಚಿಮ್ಮಿದ ಹಾಗೆ ಎರಡೂ ಕಡೆ ಸರಿಸುಮಾರು ಸಮನಾಗಿ ಹೊಂದಿಕೆ ಬರಬೇಕು. ಬರಲಿಲ್ಲ. ತಕ್ಕಡಿ ಫ್ರೆಂಚ್ ವ್ಯಕ್ತಿಯ ಕಡೆಗೆ ವಾಲಿತು.

ಅಷ್ಟೇ ಆಗಿದ್ದರೆ ಅಚ್ಚರಿಯಿರಲಿಲ್ಲ, ಯುರೋಪಿನಲ್ಲಿ ನಿಯಾಂಡರ್ತಲರು ಬದುಕಿದ್ದರಲ್ಲ. ಆದರೆ ಚೀನಾದ ಹಾನ್ ವ್ಯಕ್ತಿಯ ಕಡೆಗೂ, ಪಪುವಾ ನ್ಯೂಗಿನಿಯ ವ್ಯಕ್ತಿಯ ಕಡೆಗೂ ತಕ್ಕಡಿ ಅಷ್ಟೇ ವಾಲಿತು. ಪಪುವಾದಲ್ಲಿ ನಿಯಾಂಡರ್ತಲರ ಸುಳಿವೇ ಇಲ್ಲ. ಹಾಗಾದರೆ ಬೆರಕೆ ನಡೆದದ್ದು ಆಫ್ರಿಕಾದಿಂದ ಹೊರಬಿದ್ದ ಒಂದು ಗುಂಪು ಯುರೋಪ್, ಏಷ್ಯಾ, ಆಸ್ಟ್ರೇಲಿಯಾಗಳಿಗೆ ಚದುರುವ ಮೊದಲು, ಬಹುಶಃ ಪಶ್ಚಿಮ ಏಷ್ಯಾದಲ್ಲಿ. ಆ ಗುಂಪಿನ ಎಲ್ಲ ಸಂತತಿಯವರೂ, ನಾವೂ ಸೇರಿ, ಅದನ್ನು ಹೊತ್ತುಕೊಂಡೇ ಬೇರೆಬೇರೆ ದಿಕ್ಕಿಗೆ ನಡೆದರು.

ಇದಕ್ಕೊಂದು ಒಳ್ಳೆಯ ಆಕ್ಷೇಪವೂ ಬಂತು. ನಿಯಾಂಡರ್ತಲರಿಗೂ ನಮಗೂ ಸಮಾನವಾದ ಪೂರ್ವಜರ ಒಂದು ಹಳೆಯ ಪಾಠ ಆಫ್ರಿಕಾದ ಒಂದು ಮೂಲೆಯಲ್ಲಿ ಮಾತ್ರ ಉಳಿದಿದ್ದು, ಆ ಮೂಲೆಯವರೇ ಹೊರಗೆ ಹೋಗಿರಬಾರದೇಕೆ? ಆಗ ಬೆರಕೆಯೇ ಬೇಕಿಲ್ಲ. ಇಲ್ಲಿ ಉದ್ದದ ಗಡಿಯಾರ ತೀರ್ಪು ಕೊಡುತ್ತದೆ. ಕೋವಿಡ್‌ಗೆ ನಂಟಿರುವ ಆ ತುಣುಕನ್ನೇ ನೋಡಿ: ಅದರ ಉದ್ದ ಸುಮಾರು 49,400 ಅಕ್ಷರಗಳು. ಅಷ್ಟುದ್ದಕ್ಕೂ ಹರಡಿರುವ ಅಕ್ಷರ ಬದಲಾವಣೆಗಳು ಒಂದು ಸರಪಳಿಯಂತೆ ಒಟ್ಟಾಗಿಯೇ ದಾಟುತ್ತವೆ, ಮತ್ತು ಅವು ಸುಮಾರು 50,000 ವರ್ಷ ಹಳೆಯ ವಿಂಡಿಯಾ ಗುಹೆಯ ಮಹಿಳೆಯ ಜೀನೋಮ್‌ಗೆ ಬಹಳ ಮಟ್ಟಿಗೆ ಹೊಂದುತ್ತವೆ. ಐದೂವರೆ ಲಕ್ಷ ವರ್ಷಗಳ ಹಿಂದಿನ ಸಮಾನ ಪೂರ್ವಜರಿಂದ ಇದು ಇಳಿದು ಬಂದಿದ್ದರೆ, ಸಾವಿರಾರು ತಲೆಮಾರುಗಳ ಕತ್ತರಿಗೆ ಸಿಕ್ಕು ಎಂದೋ ಚೂರುಚೂರಾಗಬೇಕಿತ್ತು. ಆಗಿಲ್ಲ. ಅಂದರೆ ಅದು ತಡವಾಗಿ ಬಂದದ್ದು.

ಎಷ್ಟು ತಡವಾಗಿ ಎಂಬುದನ್ನು ಹಳೆಯ ಆಧುನಿಕ ಮಾನವರ ಮೂಳೆಗಳೇ ಹೇಳಿದವು. ಪಶ್ಚಿಮ ಸೈಬೀರಿಯಾದ ಉಸ್ತ್-ಇಶಿಮ್ ಎಂಬಲ್ಲಿ ಸಿಕ್ಕ 45,000 ವರ್ಷ ಹಳೆಯ ತೊಡೆಮೂಳೆಯ ಜೀನೋಮ್‌ನಲ್ಲಿ ನಿಯಾಂಡರ್ತಲ್ ತುಣುಕುಗಳು ನಮ್ಮಲ್ಲಿರುವುದಕ್ಕಿಂತ ಉದ್ದವಾಗಿದ್ದವು. ರೊಮೇನಿಯಾದ ಓಅಸೆ ಗುಹೆಯ ಸುಮಾರು 40,000 ವರ್ಷ ಹಳೆಯ ದವಡೆಯಲ್ಲಂತೂ ಕೆಲವು ತುಣುಕುಗಳು ಎಷ್ಟು ಉದ್ದವಿದ್ದವೆಂದರೆ, ಅವನ ವಂಶದಲ್ಲಿ ನಾಲ್ಕರಿಂದ ಆರು ತಲೆಮಾರು ಹಿಂದೆಯೇ ಒಬ್ಬ ನಿಯಾಂಡರ್ತಲ್ ಇದ್ದಿರಬೇಕು. ಅವನ ಸಂತತಿ ಮಾತ್ರ ಮುಂದುವರಿದಂತೆ ಕಾಣುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಪ್ರಕಟವಾದ, ನೂರಾರು ಪ್ರಾಚೀನ ಹಾಗೂ ಇಂದಿನ ಜೀನೋಮ್‌ಗಳನ್ನು ಹೋಲಿಸಿದ ಅಧ್ಯಯನ, ಇಂದಿನವರಲ್ಲಿ ಉಳಿದಿರುವ ಬೆರಕೆ ಸುಮಾರು 50,500ರಿಂದ 43,500 ವರ್ಷಗಳ ಹಿಂದಿನ ಅವಧಿಯಲ್ಲಿ ನಡೆಯಿತೆಂದು ಲೆಕ್ಕ ಹಾಕಿದೆ. ಒಂದು ರಾತ್ರಿಯ ಅಪಘಾತವಲ್ಲ. ಏಳು ಸಾವಿರ ವರ್ಷಗಳ ನೆರೆಹೊರೆ.

ಶೇಕಡ ಎರಡು ಎಂದರೆ ಏನು

ಆಫ್ರಿಕಾದ ಹೊರಗೆ ಬೇರು ಇರುವವರ ಜೀನೋಮ್‌ನಲ್ಲಿ ಸುಮಾರು ಶೇ 1ರಿಂದ 2ರಷ್ಟು ಭಾಗ ನಿಯಾಂಡರ್ತಲರಿಂದ ಬಂದದ್ದು. ಈ ಸಂಖ್ಯೆ ಮೂರು ಗೊಂದಲಗಳನ್ನು ಹುಟ್ಟಿಸುತ್ತದೆ.

ಚಿಂಪಾಂಜಿಗೂ ನಮಗೂ ಡಿಎನ್‌ಎ ಶೇ 98ಕ್ಕಿಂತ ಹೆಚ್ಚು ಒಂದೇ ಎಂದು ಶಾಲೆಯಲ್ಲಿ ಓದಿದವರಿಗೆ, ನಿಯಾಂಡರ್ತಲ್ ಬರೀ ಶೇ 2 ಎಂದರೆ ವಿಚಿತ್ರವೆನಿಸುವುದು ಸಹಜ. ಇವು ಎರಡು ಬೇರೆ ಅಳತೆಗಳು. ಮೊದಲನೆಯದು ಹೋಲಿಕೆಯ ಅಳತೆ: ಎರಡು ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟರೆ ಎಷ್ಟು ಅಕ್ಷರ ಒಂದೇ ಇವೆ ಎಂಬುದು. ಆ ಲೆಕ್ಕದಲ್ಲಿ ನಿಯಾಂಡರ್ತಲರಿಗೂ ನಮಗೂ ವ್ಯತ್ಯಾಸ ಶೇ 1ಕ್ಕಿಂತಲೂ ಬಹಳ ಕಡಿಮೆ. ಎರಡನೆಯದು ವಂಶದ ಅಳತೆ: ನನ್ನ ಪುಸ್ತಕದ ಎಷ್ಟು ಪುಟಗಳನ್ನು ಯಾರ ಪ್ರತಿಯಿಂದ ಇಳಿಸಿಕೊಳ್ಳಲಾಯಿತು ಎಂಬುದು.

ಇನ್ನು, ತಲೆಮಾರಿಗೊಮ್ಮೆ ಅರ್ಧವಾಗುತ್ತ ಹೋದರೆ ಇಷ್ಟು ಹೊತ್ತಿಗೆ ಸೊನ್ನೆಯಾಗಬೇಕಿತ್ತಲ್ಲವೇ ಎಂಬ ಸಂಶಯ. ಅರ್ಧವಾಗುವುದು ಮದುವೆಯಾದ ಇನ್ನೊಬ್ಬರಲ್ಲಿ ಅದು ಇಲ್ಲದಿದ್ದಾಗ ಮಾತ್ರ. ನಲವತ್ತೊಂಬತ್ತು ಲೋಟ ಹಾಲಿಗೆ ಒಂದು ಲೋಟ ನೀರು ಬೆರೆಸಿ, ಆಮೇಲೆ ಆ ಹಾಲನ್ನು ಎಷ್ಟು ಪಾತ್ರೆಗಳಿಗೆ ಹಂಚಿದರೂ, ಮತ್ತೆ ಎಷ್ಟು ಸಲ ಒಂದಕ್ಕೊಂದು ಸುರಿದರೂ ಪ್ರತಿ ಲೋಟದಲ್ಲೂ ನೀರಿನ ಪಾಲು ಐವತ್ತರಲ್ಲಿ ಒಂದೇ. ಇಡೀ ಜನಸಮೂಹದಲ್ಲಿ ಬೆರಕೆ ಹರಡಿದ ಮೇಲೆ ಗಂಡನಲ್ಲೂ ಶೇ 2, ಹೆಂಡತಿಯಲ್ಲೂ ಶೇ 2, ಮಗುವಿನಲ್ಲೂ ಅಷ್ಟೇ.

ಮೂರನೆಯದು, ನಿಮ್ಮ ಶೇ 2 ಮತ್ತು ನೆರೆಮನೆಯವರ ಶೇ 2 ಒಂದೇ ಅಲ್ಲ. ನಿಮ್ಮಲ್ಲಿರುವುದು ಒಂದು ಕಡೆಯ ಪುಟ, ಅವರಲ್ಲಿರುವುದು ಇನ್ನೊಂದು ಕಡೆಯದು. ಸಾವಿರಾರು ಜನರ ತುಣುಕುಗಳನ್ನು ಕೂಡಿಸಿದರೆ ಅಳಿದುಹೋದ ಜೀನೋಮ್‌ನ ದೊಡ್ಡ ಭಾಗವನ್ನೇ ಮರಳಿ ಕಟ್ಟಬಹುದು. ಈ ಮಾತಿಗೆ ಭಾರತದ ಅಂಕಿ ಕೊನೆಯಲ್ಲಿ ಬರುತ್ತದೆ.

ಉಳಿದದ್ದು, ತೊಳೆದುಹೋದದ್ದು

ಕುದುರೆ, ಕತ್ತೆಗಳ ಬೆರಕೆಯಾದ ಹೇಸರಗತ್ತೆಗೆ ಸಾಮಾನ್ಯವಾಗಿ ಮರಿಯಾಗುವುದಿಲ್ಲ. ನಿಯಾಂಡರ್ತಲ್ ಮತ್ತು ಆಧುನಿಕ ಮಾನವರ ಮಕ್ಕಳಿಗೆ ಮಕ್ಕಳಾದವು, ನಾವೇ ಅದಕ್ಕೆ ಸಾಕ್ಷಿ. ಆದರೆ ಹೊಂದಿಕೆ ಪೂರ್ತಿ ಸಲೀಸಾಗಿರಲಿಲ್ಲ. ನಮ್ಮ ಜೀನೋಮ್‌ನಲ್ಲಿ ನಿಯಾಂಡರ್ತಲ್ ತುಣುಕುಗಳು ಸಮನಾಗಿ ಹರಡಿಲ್ಲ. ಎಕ್ಸ್ ವರ್ಣತಂತುವಿನಲ್ಲಿ ಅವು ತೀರ ವಿರಳ. ಮಾತಿನ ಸಾಮರ್ಥ್ಯಕ್ಕೆ ಬೇಕಾದ ಫಾಕ್ಸ್‌ಪಿ2 ಜೀನ್ ಇರುವ ಏಳನೆಯ ವರ್ಣತಂತುವಿನ ಪ್ರದೇಶದಂಥ ಕೆಲವು ಉದ್ದನೆಯ ಭಾಗಗಳಲ್ಲಿ ಬಹುತೇಕ ಯಾರಲ್ಲೂ ಒಂದು ತುಣುಕೂ ಸಿಗುವುದಿಲ್ಲ. ವಿಜ್ಞಾನಿಗಳು ಇವನ್ನು ಮರುಭೂಮಿಗಳು ಎಂದೇ ಕರೆಯುತ್ತಾರೆ. ನಿಯಾಂಡರ್ತಲರ ಮೈಟೊಕಾಂಡ್ರಿಯವಾಗಲಿ, ವೈ ವರ್ಣತಂತುವಾಗಲಿ ಇಂದಿನ ಯಾರಲ್ಲೂ ಕಂಡುಬಂದಿಲ್ಲ. ಅವರ ಜನಸಂಖ್ಯೆ ಸಣ್ಣದಿದ್ದುದರಿಂದ ಅವರ ಪಾಠದಲ್ಲಿ ಅಲ್ಪಸ್ವಲ್ಪ ಹಾನಿಕರ ತಪ್ಪುಗಳು ಹೆಚ್ಚು ಸೇರಿಕೊಂಡಿದ್ದವು. ಬೆರಕೆಯ ನಂತರದ ತಲೆಮಾರುಗಳಲ್ಲಿ ಅಂಥವು ನೈಸರ್ಗಿಕ ಆಯ್ಕೆಯಿಂದ ತೊಳೆದುಹೋದವು ಎಂಬುದು ಇದಕ್ಕೆ ಕೊಡುವ ಒಂದು ವಿವರಣೆ.

ಉಳಿದವುಗಳಲ್ಲಿ ಕೆಲವು ಉಪಯೋಗಕ್ಕೆ ಬಂದಿರಬೇಕು. ಚರ್ಮ ಮತ್ತು ಕೂದಲಿನ ಕೆರಾಟಿನ್‌ಗೆ ಸಂಬಂಧಿಸಿದ ಜೀನ್‌ಗಳ ಸುತ್ತ, ರೋಗಾಣುಗಳನ್ನು ಮೊದಲು ಗುರುತಿಸುವ ರೋಗನಿರೋಧಕ ಜೀನ್‌ಗಳ ಸುತ್ತ ನಿಯಾಂಡರ್ತಲ್ ಪಾಠ ಹೆಚ್ಚಾಗಿ ಸಿಗುತ್ತದೆ. ಲಕ್ಷಾಂತರ ವರ್ಷ ಆ ಹವೆಯಲ್ಲಿ, ಆ ರೋಗಗಳ ನಡುವೆ ಬದುಕಿದ್ದವರಿಂದ ಹೊಸಬರು ಪಡೆದ ಬಳುವಳಿ ಇದು.

ಒಂದೇ ತುಣುಕು ಒಳ್ಳೆಯದೂ ಕೆಟ್ಟದ್ದೂ ಆಗಬಹುದು ಎನ್ನುವುದಕ್ಕೆ ಮೂರನೆಯ ವರ್ಣತಂತುವಿನ ಆ ತುಣುಕೇ ಉದಾಹರಣೆ. ಅದು ಕೋವಿಡ್ ಉಲ್ಬಣಿಸುವ ಅಪಾಯವನ್ನು ಹೆಚ್ಚಿಸಿತು. ಅದನ್ನು ಹೊತ್ತವರಿಗೆ ಎಚ್‌ಐವಿ ಸೋಂಕು ತಗುಲುವ ಅಪಾಯ ಸುಮಾರು ಶೇ 27ರಷ್ಟು ಕಡಿಮೆ ಎಂದು ಜೆಬರ್ಗ್ 2022ರಲ್ಲಿ ತೋರಿಸಿದರು. ಹನ್ನೆರಡನೆಯ ವರ್ಣತಂತುವಿನಲ್ಲಿರುವ ಮತ್ತೊಂದು ನಿಯಾಂಡರ್ತಲ್ ತುಣುಕು ಕೋವಿಡ್ ಉಲ್ಬಣದ ಅಪಾಯವನ್ನು ಪ್ರತಿಯೊಂದು ಪ್ರತಿಗೆ ಸುಮಾರು ಶೇ 22ರಷ್ಟು ತಗ್ಗಿಸುತ್ತದೆ. ಹಾಗಾಗಿ ‘ನಿಯಾಂಡರ್ತಲ್ ಜೀನ್‌ನಿಂದ ನಮ್ಮಲ್ಲಿ ಹೆಚ್ಚು ಸಾವು’ ಎಂಬ ಅರ್ಥ ಬರುವ ಶೀರ್ಷಿಕೆಗಳು ಆಗ ಮಾಡಿದ್ದು ಅರ್ಧ ಕೆಲಸ. ರೋಗಿಯ ವಯಸ್ಸು, ಮೊದಲೇ ಇದ್ದ ಕಾಯಿಲೆಗಳು, ಸಿಕ್ಕ ಅಥವಾ ಸಿಗದ ಆಮ್ಲಜನಕ ಇವು ಎಲ್ಲವೂ ಲೆಕ್ಕಕ್ಕೆ ಬರುವಾಗ ಒಂದು ತುಣುಕು ಒಬ್ಬನ ಹಣೆಬರಹವನ್ನು ತಾನಾಗಿ ಬರೆಯುವುದಿಲ್ಲ.

ಕಿರುಬೆರಳಿನಿಂದ ಸಿಕ್ಕ ಕುಲ

ನಿಯಾಂಡರ್ತಲರು ಮೊದಲು ಮೂಳೆಯಾಗಿ ಸಿಕ್ಕರು, ಒಂದೂವರೆ ಶತಮಾನದ ಮೇಲೆ ಡಿಎನ್‌ಎಯಾಗಿ. ಡೆನಿಸೋವನ್ನರ ಕಥೆ ತಿರುಗುಮುರುಗು. ಅಲ್ತಾಯ್ ಬೆಟ್ಟಗಳಲ್ಲಿ, ಹದಿನೆಂಟನೆಯ ಶತಮಾನದಲ್ಲಿ ಡೆನಿಸ್ ಎಂಬ ವಿರಕ್ತ ವಾಸಿಸುತ್ತಿದ್ದ ಕಾರಣಕ್ಕೆ ಅವನ ಹೆಸರು ಪಡೆದ ಗುಹೆಯಲ್ಲಿ, 2008ರಲ್ಲಿ ರಷ್ಯಾದ ಪುರಾತತ್ತ್ವಜ್ಞರಿಗೆ ಕಿರುಬೆರಳಿನ ಒಂದು ಮೂಳೆಚೂರು ಸಿಕ್ಕಿತು. ನೋಡಿದರೆ ಯಾರದೆಂದು ಹೇಳಲಾಗದ ಚೂರು. 2010ರಲ್ಲಿ ಅದರ ಡಿಎನ್‌ಎ ಓದಿದಾಗ ಅದು ಆಧುನಿಕ ಮಾನವರದೂ ಅಲ್ಲ, ನಿಯಾಂಡರ್ತಲರದೂ ಅಲ್ಲ ಎಂದು ತಿಳಿಯಿತು. ನಿಯಾಂಡರ್ತಲರಿಗೆ ಹತ್ತಿರದ, ಆದರೆ ಬೇರೆಯೇ ಆದ ಒಂದು ಕುಲ. ಅವರ ಮುಖ ಹೇಗಿತ್ತು ಎಂಬುದು ಯಾರಿಗೂ ತಿಳಿಯದಿದ್ದಾಗಲೇ ಅವರ ಅಂಶ ಪಪುವಾ ಜನರಲ್ಲಿ ಶೇ 3ರಿಂದ 5ರವರೆಗೆ ಇರುವುದು ತಿಳಿದುಬಂತು. ಫಿಲಿಪ್ಪೀನ್ಸ್‌ನ ಆಯ್ತಾ ಮಗ್ಬುಕೊನ್ ಸಮುದಾಯದಲ್ಲಿ ಅದು ಜಗತ್ತಿನಲ್ಲೇ ಹೆಚ್ಚು ಎಂದು 2021ರಲ್ಲಿ ವರದಿಯಾಯಿತು. ಭಾರತವೂ ಸೇರಿದಂತೆ ಏಷ್ಯಾದ ನೆಲಭಾಗದ ಬಹುಪಾಲು ಜನರಲ್ಲಿ ಅದರ ಪಾಲು ಬಹಳ ಸಣ್ಣದು.

ಅದೇ ಗುಹೆಯಲ್ಲಿ ಸಿಕ್ಕ ಇನ್ನೊಂದು ಚೂರಿನ ಕಥೆಯನ್ನು ಬಿಡಲಾಗದು. ಎರಡೂವರೆ ಸೆಂಟಿಮೀಟರ್‌ನಷ್ಟು ಉದ್ದದ ಆ ಮೂಳೆ, ಪ್ರಾಣಿಗಳದೂ ಮನುಷ್ಯರದೂ ಬೆರೆತು ಗುರುತೇ ಸಿಗದಂತಿದ್ದ ಎರಡು ಸಾವಿರಕ್ಕೂ ಹೆಚ್ಚು ಚೂರುಗಳ ರಾಶಿಯಲ್ಲಿ ಬಿದ್ದಿತ್ತು. ಅದರೊಳಗಿನ ಕೊಲಾಜೆನ್ ಪ್ರೋಟೀನನ್ನು ಪರೀಕ್ಷಿಸಿ ಇದು ಮಾನವ ಕುಲದ್ದು ಎಂದು ಹೆಕ್ಕಲಾಯಿತು. ಸುಮಾರು 90,000 ವರ್ಷಗಳ ಹಿಂದೆ ಬದುಕಿದ್ದ, ಸಾಯುವಾಗ ಹದಿಮೂರಾದರೂ ವಯಸ್ಸಾಗಿದ್ದ ಒಬ್ಬ ಹುಡುಗಿಯದು. ಅವಳ ಜೀನೋಮ್ ಓದಿದ ವಿವಿಯನ್ ಸ್ಲಾನ್ ಮತ್ತು ಸಹೋದ್ಯೋಗಿಗಳಿಗೆ ಉದ್ದಕ್ಕೂ ಒಂದು ಪ್ರತಿ ನಿಯಾಂಡರ್ತಲ್, ಅದರ ಜೊತೆಯದು ಡೆನಿಸೋವನ್ ಎಂಬಂತೆ ಸರಿಸಮನಾದ ಬೆರಕೆ ಕಂಡಿತು. ಮೈಟೊಕಾಂಡ್ರಿಯ ನಿಯಾಂಡರ್ತಲ್. ಅಂದರೆ ತಾಯಿ ನಿಯಾಂಡರ್ತಲ್, ತಂದೆ ಡೆನಿಸೋವನ್. 2018ರಲ್ಲಿ ಪ್ರಕಟವಾದ ಈ ಫಲಿತಾಂಶದಲ್ಲಿ ಬೆರಕೆಯ ಮೊದಲ ತಲೆಮಾರೇ ಕೈಗೆ ಸಿಕ್ಕಿತ್ತು.

ಡೆನಿಸೋವನ್ ಬಳುವಳಿಯಲ್ಲಿ ಹೆಚ್ಚು ಹೆಸರಾದದ್ದು ಟಿಬೆಟಿನದು. ಎತ್ತರದ ತೆಳುಗಾಳಿಯಲ್ಲಿ ಆಮ್ಲಜನಕ ಸಾಲದಾದಾಗ ಬಯಲುಸೀಮೆಯವರ ದೇಹ ಕೆಂಪು ರಕ್ತಕಣಗಳನ್ನು ಅತಿಯಾಗಿ ತಯಾರಿಸಿ ರಕ್ತ ಗಟ್ಟಿಯಾಗುತ್ತದೆ. ಟಿಬೆಟಿನವರಲ್ಲಿ ಬಹುಮಂದಿಗೆ ಹಾಗಾಗದಂತೆ ತಡೆಯುವುದು ಇಪಿಎಎಸ್1 ಎಂಬ ಜೀನ್‌ನ ಒಂದು ರೂಪ. ಅದು ಡೆನಿಸೋವನ್ ಮೂಲದ್ದು ಎಂದು 2014ರಲ್ಲಿ ತಿಳಿಯಿತು. ವಂಶವಾಹಿಗೆ ಊರಿನ ಹಂಗಿಲ್ಲ. ಬೈಲುಕುಪ್ಪೆಯಲ್ಲೋ ಮುಂಡಗೋಡದಲ್ಲೋ ಹುಟ್ಟಿದ ಟಿಬೆಟನ್ ಮಗುವಿಗೂ ಅದು ತಂದೆ-ತಾಯಿಯಿಂದ ಬರುತ್ತದೆ.

ಮುಖ ಕೊನೆಗೂ ಸಿಕ್ಕಿತು ಎನ್ನಬಹುದು. 1980ರಲ್ಲಿ ಟಿಬೆಟ್ ಪ್ರಸ್ಥಭೂಮಿಯ ಬೈಶಿಯಾ ಗುಹೆಯಲ್ಲಿ ಒಬ್ಬ ಭಿಕ್ಷುವಿಗೆ ಸಿಕ್ಕಿದ್ದ ದವಡೆ ಡೆನಿಸೋವನ್ನರದು ಎಂದು 2019ರಲ್ಲಿ ಪ್ರೋಟೀನ್ ಪರೀಕ್ಷೆ ಹೇಳಿತು. ಚೀನಾದ ಹಾರ್ಬಿನ್‌ನಲ್ಲಿ ದಶಕಗಳ ಕಾಲ ಬಾವಿಯೊಂದರಲ್ಲಿ ಬಚ್ಚಿಟ್ಟಿದ್ದು ಹೊರಬಂದ, 1,46,000 ವರ್ಷಗಳಿಗಿಂತ ಹಳೆಯ ಪೂರ್ಣ ತಲೆಬುರುಡೆಯೂ ಅವರದೇ ಎಂದು 2025ರಲ್ಲಿ ಚಿಯಾವ್‌ಮೇ ಫು ಅವರ ತಂಡ ತೋರಿಸಿತು. ಅದಕ್ಕೆ ಬೇಕಾದ ಡಿಎನ್‌ಎ ಸಿಕ್ಕಿದ್ದು ಹಲ್ಲಿಗೆ ಅಂಟಿ ಕಲ್ಲಾಗಿದ್ದ ಪಾಚಿಯಲ್ಲಿ.

ಆಫ್ರಿಕಾದವರಲ್ಲಿ ಇಲ್ಲವೇ?

ಬಹುಕಾಲ ಇಲ್ಲವೆಂದೇ ಹೇಳಲಾಗುತ್ತಿತ್ತು. 2020ರಲ್ಲಿ ಜೋಶುವಾ ಏಕಿ ಅವರ ಗುಂಪು ಬೇರೆ ವಿಧಾನದಿಂದ ಎಣಿಸಿ, ಆಫ್ರಿಕಾದವರಲ್ಲೂ ಸುಮಾರು ಶೇ 0.3ರಷ್ಟು ನಿಯಾಂಡರ್ತಲ್ ಅಂಶವಿದೆ ಎಂದಿತು. ಯುರೋಪ್, ಏಷ್ಯಾಗಳಿಂದ ಕಾಲಕಾಲಕ್ಕೆ ಆಫ್ರಿಕಾಕ್ಕೆ ಮರಳಿದವರು ಅದನ್ನು ಒಯ್ದರು ಎಂಬುದು ಮುಖ್ಯ ಕಾರಣ. ಅದೇ ವರ್ಷ ಅರುಣ್ ದುರ್ವಾಸುಲ ಮತ್ತು ಶ್ರೀರಾಮ್ ಶಂಕರರಾಮನ್ ಅವರು, ಮೂಳೆಯೇ ಸಿಗದ ಯಾವುದೋ ಪ್ರಾಚೀನ ಕುಲದ ಅಂಶ ಪಶ್ಚಿಮ ಆಫ್ರಿಕಾದವರಲ್ಲಿ ಶೇ 2ರಿಂದ 19ರವರೆಗೆ ಇರಬಹುದೆಂದು ಗಣಿತದ ಮಾದರಿಯಿಂದ ಅಂದಾಜಿಸಿದರು. ಅಂದಾಜಿನ ಆ ಅಗಲವೇ ಅದನ್ನು ಎಷ್ಟು ಎಚ್ಚರದಿಂದ ಓದಬೇಕು ಎಂದು ಹೇಳುತ್ತದೆ. ಬೆರಕೆ ಇರುವವರು, ಇಲ್ಲದವರು ಎಂದು ಮನುಷ್ಯರನ್ನು ಎರಡು ಪಾಲು ಮಾಡುವುದಕ್ಕಂತೂ ಆಧಾರ ಉಳಿದಿಲ್ಲ.

ನಮ್ಮ ನೆಲ, ನಮ್ಮ ಜೀನೋಮ್

ಯಾದಗಿರಿ ಜಿಲ್ಲೆಯ ಹುಣಸಗಿ ಸೀಮೆಯಲ್ಲಿ ಇಸಾಂಪುರ ಎಂಬ ಊರಿದೆ. ಅಲ್ಲಿ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಆದಿಮಾನವರ ಒಂದು ಕಲ್ಲುಗಣಿಯನ್ನೇ ಅಗೆದು ತೆಗೆದರು. ನೆಲದಲ್ಲಿ ಹಾಸಿದ್ದ ಸುಣ್ಣಕಲ್ಲಿನ ಚಪ್ಪಡಿಗಳನ್ನು ಎಬ್ಬಿಸಿ, ಅಲ್ಲೇ ಕೂತು ಒಡೆದು, ಕೈಗೊಡಲಿ ಮಾಡಿದ ಜಾಗ ಅದು: ಅರ್ಧ ಮುಗಿದ ಉಪಕರಣ, ಚಕ್ಕೆ, ಕುಟ್ಟುವ ಗುಂಡು ಎಲ್ಲವೂ ಬಿದ್ದಲ್ಲೇ ಬಿದ್ದಿದ್ದವು. ಅದರ ಕಾಲ ಸುಮಾರು 12 ಲಕ್ಷ ವರ್ಷ ಹಿಂದಿನದು ಎಂದು ಅಳೆಯಲಾಗಿದೆ. ಅಂದರೆ ನಮ್ಮ ಪ್ರಭೇದ ಹುಟ್ಟುವ ಬಹಳ ಮೊದಲೇ ಕೃಷ್ಣಾ ಬಯಲಿನಲ್ಲಿ ಮಾನವರಿದ್ದರು. ಆದರೆ ಅವರ ಒಂದು ಮೂಳೆಯೂ ಅಲ್ಲಿ ಸಿಕ್ಕಿಲ್ಲ. ಇಡೀ ಭಾರತದಲ್ಲಿ ಇಂಥ ಪ್ರಾಚೀನ ಮಾನವನ ಬುರುಡೆ ಎಂದು ಹೇಳಿಕೊಳ್ಳಲು ಇರುವುದು 1982ರಲ್ಲಿ ನರ್ಮದಾ ದಂಡೆಯ ಹಥ್ನೋರಾದಲ್ಲಿ ಭೂವಿಜ್ಞಾನಿ ಅರುಣ್ ಸೋನಕಿಯಾ ಅವರಿಗೆ ದೊರೆತದ್ದು. ಅದರಿಂದ ಡಿಎನ್‌ಎ ದೊರೆತಿಲ್ಲ.

ಕಾರಣ ಬಿಸಿಲು. ಡಿಎನ್‌ಎ ಚಳಿಯಲ್ಲಿ ಉಳಿಯುತ್ತದೆ, ಸೆಕೆಯಲ್ಲಿ, ತೇವದಲ್ಲಿ ಬೇಗ ಮುರಿದುಬೀಳುತ್ತದೆ. ಸೈಬೀರಿಯಾದ ಗುಹೆ 90,000 ವರ್ಷ ಕಾಪಾಡಿದ್ದನ್ನು ನಮ್ಮ ನೆಲ ಐದು ಸಾವಿರ ವರ್ಷವೂ ಕಾಪಾಡುವುದು ಕಷ್ಟ. ಹರಿಯಾಣದ ರಾಖಿಗಢಿಯಲ್ಲಿ ಸಿಂಧೂ ನಾಗರಿಕತೆಯ ಕಾಲದ ಅರವತ್ತಕ್ಕೂ ಹೆಚ್ಚು ಮೂಳೆಮಾದರಿಗಳನ್ನು ಪರೀಕ್ಷಿಸಿದಾಗ ಓದಲು ಸಾಧ್ಯವಾದ ಡಿಎನ್‌ಎ ಸಿಕ್ಕಿದ್ದು ಒಂದೇ ಒಂದರಲ್ಲಿ.

ಆದ್ದರಿಂದ ಇಲ್ಲಿನ ಸಂಶೋಧಕರು ಮೂಳೆಯ ಬದಲು ಬದುಕಿರುವವರ ಕಡೆಗೆ ತಿರುಗಿದ್ದಾರೆ. ದೇಶದ ಹಿರಿಯ ವಯಸ್ಕರ ಆರೋಗ್ಯವನ್ನು ಗಮನಿಸುವ ದೊಡ್ಡ ಅಧ್ಯಯನವೊಂದರ ಭಾಗವಾಗಿ ಸಂಗ್ರಹಿಸಿದ 2,762 ಭಾರತೀಯರ ಪೂರ್ಣ ಜೀನೋಮ್‌ಗಳನ್ನು ಪ್ರಿಯಾ ಮೂರ್ಜಾನಿ ಮತ್ತು ಸಹೋದ್ಯೋಗಿಗಳು ವಿಶ್ಲೇಷಿಸಿ 2025ರಲ್ಲಿ ಪ್ರಕಟಿಸಿದರು. ಭಾಷೆ, ಪ್ರದೇಶ, ಜಾತಿ, ಬುಡಕಟ್ಟುಗಳ ವೈವಿಧ್ಯವೆಲ್ಲ ಆ ಮಾದರಿಯಲ್ಲಿದೆ. ಇಂದಿನ ಭಾರತೀಯರ ಬಹುಪಾಲು ಮೂಲ, ಸುಮಾರು 50,000 ವರ್ಷಗಳ ಹಿಂದೆ ಆಫ್ರಿಕಾದಿಂದ ಹೊರಬಂದ ಒಂದೇ ದೊಡ್ಡ ವಲಸೆಗೆ ಹೋಗುತ್ತದೆ. ಅದಕ್ಕೂ ಮೊದಲು ಯಾರಾದರೂ ಇಲ್ಲಿಗೆ ಬಂದಿದ್ದರೆ ಅವರ ವಂಶ ನಮ್ಮಲ್ಲಿ ಹೆಚ್ಚೇನೂ ಉಳಿದಿಲ್ಲ. ಒಬ್ಬೊಬ್ಬರಲ್ಲಿ ಇರುವ ಪ್ರಾಚೀನ ಅಂಶ ಆಫ್ರಿಕಾದ ಹೊರಗಿನ ಬಹುಪಾಲು ಜನರಲ್ಲಿರುವಂತೆಯೇ ಶೇ 1ರಿಂದ 2. ಆದರೆ ಈ ಎಲ್ಲರ ಬಿಡಿ ತುಣುಕುಗಳನ್ನು ಒಂದರ ಪಕ್ಕ ಒಂದು ಇಟ್ಟು ಜೋಡಿಸಿದಾಗ ನಿಯಾಂಡರ್ತಲ್ ಜೀನೋಮ್‌ನ ಸುಮಾರು ಶೇ 50ರಷ್ಟೂ, ಡೆನಿಸೋವನ್ ಜೀನೋಮ್‌ನ ಸುಮಾರು ಶೇ 20ರಷ್ಟೂ ಮರಳಿ ಕಾಣಿಸಿಕೊಂಡಿತು. ನಿಯಾಂಡರ್ತಲ್ ಮೂಳೆ ಒಂದೂ ಸಿಗದ ದೇಶದಲ್ಲಿ ಅವರ ಪಾಠದ ಅರ್ಧದಷ್ಟು, ಒಬ್ಬರ ಹತ್ತಿರ ಒಂದು ಗರಿ, ಇನ್ನೊಬ್ಬರ ಹತ್ತಿರ ಇನ್ನೊಂದು ಗರಿ ಎಂಬಂತೆ ಹಂಚಿಕೊಂಡು ಉಳಿದಿದೆ.